ಪೇಡಾನಿಗೆ ತಂದ ಕೂಲರ್

ತಗಡು, ಒಂದು ಮೋಟಾರು, ಮೂರು ಕಡೆ ಹುಲ್ಲಿನ ಪ್ಯಾಡು, ತಳದಲ್ಲಿ ಒಂದು ತೊಟ್ಟಿ ನೀರು. ಇಷ್ಟು ಸೇರಿದರೆ ನಾನು. ರಾಯಚೂರಿನಲ್ಲಿ ಬೇಸಿಗೆ ಬಂತೆಂದರೆ ನನ್ನನ್ನು ಕೂಲರ್ ಎನ್ನುತ್ತಾರೆ, ಬೇಸಿಗೆ ಮುಗಿಯಿತೆಂದರೆ "ಆ ಡಬ್ಬಾ" ಎನ್ನುತ್ತಾರೆ.

ಪೇಟೆಯ ತಗಡಿನ ಅಂಗಡಿಯೊಂದರ ಮುಂದೆ, ಹೋಗಿ ಬರುವವರ ಕಾಲ ಬಳಿಯೇ ನಾನು ಹುಟ್ಟಿದೆ. ಖಾಜಾಮಿಯಾ ತಗಡನ್ನು ಬಡಿದು ಬಾಗಿಸಿ, ಯಾರದೋ ಗೇಟಿಗೆ ಬಳಿದು ಉಳಿದ ಹಸಿರು ಬಣ್ಣ ಹಚ್ಚಿದರು. ಫ್ಯಾನಿನ ಒಂದು ರೆಕ್ಕೆ ಜಾಲರಿಗೆ ತಾಗಿ ಟರ್ರ್ ಎನ್ನುತ್ತಿತ್ತು. ಎರಡು ಸಲ ತಿರುಚಿ ನೋಡಿದರು. ಆಮೇಲೆ, ಇದರ ದನಿಯೇ ಹೀಗೆ ಎಂದು ಬಿಟ್ಟುಬಿಟ್ಟರು. ನಾನು ಮಾತು ಕಡಿಮೆಯವಳು. ಮನಸ್ಸಿನಲ್ಲಿ ಇರುವುದನ್ನೆಲ್ಲ ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳುವ ಸ್ವಭಾವ. ಅಂಥವಳಿಗೆ ಇಂಥ ದನಿ ಕೊಟ್ಟರೆ ಏನು ಮಾಡುವುದು?

ಮೊದಲ ಕೆಲಸ ಒಂದು ಕಟಿಂಗ್ ಶಾಪಿನಲ್ಲಿ. ಅಲ್ಲಿ ಸುಖವಿತ್ತು. ನನ್ನ ಬೆನ್ನು ಹಿಂದಿನ ಕಿಟಕಿಗೆ, ಮುಖ ಬಾಗಿಲಿಗೆ. ಗಿರಾಕಿಗಳು ಬಂದು ಹೋಗುವ ಅಂಗಡಿಯಾದ್ದರಿಂದ ಬಾಗಿಲು ಮುಚ್ಚುವ ಪ್ರಶ್ನೆಯೇ ಇರಲಿಲ್ಲ. ಹೊರಗಿನ ಬಿಸಿ ಒಣಗಾಳಿ ಹಿಂದಿನಿಂದ ಬರುತ್ತಿತ್ತು, ಒದ್ದೆ ಹುಲ್ಲಿನಲ್ಲಿ ಹಾದು ತಂಪಾಗುತ್ತಿತ್ತು, ಎಲ್ಲರ ಬೆವರು ಆರಿಸಿ ಬಾಗಿಲಿನಿಂದ ಹೊರಟುಹೋಗುತ್ತಿತ್ತು. ಹಳೆಯದು ಹೋದರೆ ತಾನೆ ಹೊಸದು ಬರುವುದು. ನನಗೆ ತಿಳಿದ ವಿದ್ಯೆ ಇಷ್ಟೇ. ಬೀದಿನಾಯಿಗಳು ಹೊಸ್ತಿಲಲ್ಲಿ ಹೊಟ್ಟೆ ಹಚ್ಚಿ ಮಲಗುತ್ತಿದ್ದವು, ಯಾರೂ ಓಡಿಸುತ್ತಿರಲಿಲ್ಲ. ಮುಂದೆ ಅಂಗಡಿಗೆ ಏಸಿ ಬಂತು. ನನ್ನನ್ನು ಗುರುಪಾದಪ್ಪನವರು ಕೊಂಡರು.

ಗುರುಪಾದಪ್ಪನವರು ನೀರಾವರಿ ಆಫೀಸಿನಲ್ಲಿ ಗುಮಾಸ್ತರು. ಹೆಂಡತಿ ನೀಲಮ್ಮ. ಮಕ್ಕಳಿಲ್ಲದ ಮನೆ, ಆದರೆ ಪೇಡಾ ಇದ್ದ. ಪೇಡಾ ಅಂದರೆ ನೀಲಮ್ಮನ ತಮ್ಮ ತಂದುಕೊಟ್ಟ ಪಗ್ ನಾಯಿ. ದುಂಡಗೆ, ಕಂದು ಬಣ್ಣಕ್ಕೆ, ಓಡಿಬಂದು ಗೋಡೆಗೆ ಗುದ್ದಿದಂಥ ಚಪ್ಪಟೆ ಮುಖ. ಮೂಗೇ ಇಲ್ಲದ ಮೇಲೆ ಉಸಿರು ಎಲ್ಲಿಂದ ಸಲೀಸಾಗಿ ಬರಬೇಕು? ತಣ್ಣಗಿರುವಾಗಲೂ ಗೊರ್ ಗೊರ್ ಅನ್ನುತ್ತಿದ್ದ.

ಇವರಿಗೆ ಅವನ ಮೇಲೆ ಪ್ರೀತಿ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ತಲೆ ಕೆಡುತ್ತಿದ್ದದ್ದೇ ಆ ಪ್ರೀತಿ ನೋಡಿ. ಗುರುಪಾದಪ್ಪನವರು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಅವನನ್ನು ವಾಕಿಂಗ್ ಕರೆದೊಯ್ಯುತ್ತಿದ್ದರು, ಸಂಜೆ ಇಬ್ಬರಿಗೂ ಧಾರಾವಾಹಿ ಇರುತ್ತದೆ ಎಂದು. ತಮ್ಮ ಕಾಲಿಗೆ ಚಪ್ಪಲಿ, ತಲೆಗೆ ಟವೆಲ್ಲು. ಡಾಂಬರು ಕುದಿಯುವ ರಸ್ತೆಯಲ್ಲಿ ಅವನದು ಬರಿಗಾಲು. ಪಾದ ಸುಟ್ಟು ಬೊಬ್ಬೆ ಬಂದಾಗ, ಯಾರದೋ ಕಣ್ಣು ಬಿತ್ತೆಂದು ನೀಲಮ್ಮ ಉಪ್ಪು ಇಳಿಸಿ ತೆಗೆದಳು. ಯಾರ ಕಣ್ಣು ತಾಯಿ, ಸೂರ್ಯನದಾ?

ಅವನು ಏದುಸಿರು ಬಿಡುವುದು ಹೆಚ್ಚಾದ ಮೇಲೆ ನನ್ನನ್ನು ತಂದರು. ನಾಯಿಗೆ ಬೇರೆ ಕೂಲರ್ ಎಂದು ಓಣಿಯೆಲ್ಲ ನಕ್ಕಿತು. ನಾನು ಮಾತ್ರ ಹೆಮ್ಮೆಪಟ್ಟೆ. ಕಿಟಕಿಗೆ ಬೆನ್ನು ಹಚ್ಚಿ ನಿಲ್ಲಿಸಿದಾಗ, ಸದ್ಯ, ತಿಳಿದವರ ಮನೆ ಎಂದುಕೊಂಡೆ.

ಆ ಸಮಾಧಾನ ಒಂದು ಗಂಟೆಯೂ ಉಳಿಯಲಿಲ್ಲ. ಹೊರಗಿನಿಂದ ಧೂಳು ಬರುತ್ತದೆಂದು ನೀಲಮ್ಮ ಕಿಟಕಿ ಹಾಕಿದಳು. ತಂಪು ಹೊರಗೆ ಹೋಗುತ್ತದೆಂದು ಗುರುಪಾದಪ್ಪನವರು ಬಾಗಿಲು ಎಳೆದರು. ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆ ತುರುಕಿದರು. ಆಮೇಲೆ ಇಬ್ಬರೂ ನನ್ನ ಮುಂದೆ ಕೂತು, ಮೈಯೆಲ್ಲ ಜಿಗಿಜಿಗಿ ಅನ್ನುತ್ತದೆ, ಹಳೇ ಮಾಲು, ಮೋಸ ಹೋದೆವು ಎಂದು ನನ್ನನ್ನೇ ಬೈದರು. ಡಬ್ಬಿಯಲ್ಲಿ ಉಪ್ಪು ನೀರೊಡೆಯಿತು. ಹಪ್ಪಳ ಮೆತ್ತಗಾಯಿತು. ಕಿಟಕಿಯ ಮರ ಉಬ್ಬಿ, ಚಿಲಕ ಸರಿಯಾಗಿ ಕೂರದಾಯಿತು. ಇಷ್ಟೆಲ್ಲ ಕಣ್ಣೆದುರು ಆಗುತ್ತಿದ್ದರೂ ಆ ಕಿಟಕಿ ತೆರೆದು ನೋಡೋಣವೆಂದು ಒಬ್ಬರಿಗಾದರೂ ಅನ್ನಿಸಬೇಡವೇ? ನಾನು ಟರ್ರ್ ಎಂದೆ. ರೇಡಿಯೋ ದೊಡ್ಡದು ಮಾಡಿದರು.

ನನ್ನ ಟರ್ರ್ ಇನ್ನೊಬ್ಬರಿಗೆ ಸರಿಯಾಗಿ ಕೇಳುತ್ತಿತ್ತು. ಪಕ್ಕದ ಮನೆಯ ಹುಲಿಗೆಮ್ಮನಿಗೆ. ನನ್ನ ಹಿಂದಿನ ಕಿಟಕಿಯ ಆಚೆ ಅವಳ ಅಂಗಳ, ಅಂಗಳದಲ್ಲಿ ಬೇವಿನ ಮರ, ಮರದ ಕೆಳಗೆ ಅವಳ ಮಂಚ. ಮಧ್ಯಾಹ್ನದ ನಿದ್ದೆ ಅವಳಿಗೆ ಊಟಕ್ಕಿಂತ ದೊಡ್ಡದು. ನನ್ನಿಂದ ಅದು ಕೆಟ್ಟು, ಎರಡು ಮನೆಗಳ ನಡುವೆ ಮಾತು ನಿಂತಿತ್ತು.

ಸಿಂಧನೂರಿನಲ್ಲಿ ನೀಲಮ್ಮನ ಅಕ್ಕನ ಮಗಳ ಮದುವೆ ಬಂತು. ಬಿಸಿಲಲ್ಲಿ ಪೇಡಾನನ್ನು ಬಸ್ಸಿನಲ್ಲಿ ಒಯ್ಯುವುದು ಬೇಡವೆಂದು ಇಬ್ಬರೂ ಯೋಚಿಸಿದರು. ಅಲ್ಲಿಯವರೆಗೆ ಸರಿಯಾಗಿಯೇ ಯೋಚಿಸಿದರು. ನನ್ನ ತೊಟ್ಟಿ ತುಂಬಿಸಿ ಸ್ವಿಚ್ಚು ಹಾಕಿದರು. ಅವನ ಬಟ್ಟಲಿಗೆ ನೀರು ಹಾಕಿದರು. ಕಿಟಕಿಯನ್ನು ಎಳೆದು ಬಿಗಿಮಾಡಿ, ಬಾಗಿಲಿಗೆ ಬೀಗ ಹಾಕಿ, ಸೀರೆಯನ್ನು ಈ ಸಲ ಹೊರಗಿನಿಂದ ತುರುಕಿದರು. "ನಮಗಿಲ್ಲದ ಸುಖ ನಿನಗದ ನೋಡಪ್ಪಾ, ಆರಾಮ ಮಲಕೋ" ಎಂದು ಬಾಗಿಲ ಆಚೆಯಿಂದ ಗುರುಪಾದಪ್ಪನವರು ಹೇಳಿದ್ದು ಕೇಳಿಸಿತು.

ಬಿಸಿಲೇರಿತು. ಮೇಲಿನ ಆರ್‌ಸಿಸಿ ಕಾದ ಹಂಚಾಯಿತು. ನಾನು ಒಂದೇ ಗಾಳಿಯನ್ನು ಮತ್ತೆ ಮತ್ತೆ ನುಂಗಿ ಮತ್ತೆ ಮತ್ತೆ ಉಗುಳಿದೆ. ಪ್ರತಿ ಸಲವೂ ಅದಕ್ಕೆ ಇನ್ನಷ್ಟು ನೀರು ಸೇರಿತು, ತಂಪು ಸೇರಲಿಲ್ಲ. ಗೋಡೆ ಬೆವರಿತು, ಗಾಜು ಬೆವರಿತು. ಪೇಡಾ ಬಾಯಿ ತೆರೆದು ನಾಲಿಗೆ ಚಾಚಿದ. ಅವನಿಗೂ ಬೇರೆ ಉಪಾಯವಿಲ್ಲ, ನಾಲಿಗೆಯ ನೀರು ಆರಿದರೆ ಮೈ ತಣ್ಣಗಾಗಬೇಕು, ನನ್ನ ಹುಲ್ಲಿನ ಹಾಗೆಯೇ. ಆದರೆ ಆ ಕೋಣೆಯಲ್ಲಿ ಇನ್ನು ಏನೂ ಆರುವಂತಿರಲಿಲ್ಲ. ನಾನೇ ಆರದಂತೆ ಮಾಡಿದ್ದೆ. ಅವನು ನನ್ನ ಎದುರಿಗೆ ಬಂದು ನಿಂತ, ಉಪಕಾರಿ ಎಂದು ನಂಬಿ. ಆಚೆ ಹೋಗು ಎನ್ನಲು ನನ್ನಿಂದಾಗಲಿಲ್ಲ, ಸುಮ್ಮನಾಗಲೂ ಆಗಲಿಲ್ಲ. ನನ್ನ ಸ್ವಿಚ್ಚು ಗೋಡೆಯ ಮೇಲಿತ್ತು. ಕಾಲು ಮಡಚಿ ಕೂತ. ವಾಂತಿ ಮಾಡಿದ. ಪಕ್ಕಕ್ಕೆ ಬಿದ್ದ. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು.

ಟರ್ರ್, ಟರ್ರ್. ನನ್ನ ಬಳಿ ಇದ್ದದ್ದು ಅದೊಂದೇ.

ಆಚೆಯಿಂದ ಹುಲಿಗೆಮ್ಮನ ಬೈಗಳು ಶುರುವಾದವು. ಹೆಣಕ್ಕಾದರೂ ನಿದ್ದೆ ಬೇಡವೇನು ಎಂಬಲ್ಲಿಂದ ಹಿಡಿದು ಗುರುಪಾದಪ್ಪನವರ ತಾತನವರೆಗೆ ಹೋದಳು. ಒಳಗಿನಿಂದ ಉತ್ತರ ಬಾರದೆ ಸಿಟ್ಟು ನೆತ್ತಿಗೇರಿ, ಕಿಟಕಿಗೆ ಕೈಯಿಂದ ಗುದ್ದಿದಳು. ಕೂರದ ಚಿಲಕ ಕಳಚಿತು. ಕದ ತೆರೆಯಿತು.

ಗಾಳಿ ಬಂತು. ಸುಡುವ, ಒಣ, ಧೂಳು ತುಂಬಿದ ರಾಯಚೂರಿನ ಗಾಳಿ. ನನಗೆ ಅದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ.

ಸರಳಿನ ಸಂದಿಯಿಂದ, ನನ್ನ ತಲೆಯ ಮೇಲಿನಿಂದ ಅವಳು ನಾಯಿಯನ್ನು ನೋಡಿದಳು. ಬೈಗಳು ನಿಂತವು. ಸುತ್ತಿಕೊಂಡು ಮುಂದಿನ ಬಾಗಿಲಿಗೆ ಬಂದು ಬೀಗಕ್ಕೆ ಗುಂಡುಕಲ್ಲು ಹಾಕಿದಳು. ಬಾಗಿಲು ಬಿಚ್ಚಿದ್ದೇ ತಡ, ನನ್ನ ಎದುರಿನ ದಾರಿಯೂ ತೆರೆಯಿತು, ಅಷ್ಟು ದಿನಗಳಲ್ಲಿ ಮೊದಲ ಸಲ ನಾನು ಕೂಲರ್ ಆದೆ. ಅವಳು ಅವನನ್ನು ಬಾಗಿಲಿನವರೆಗೆ ಎಳೆದು, ತನ್ನ ಮನೆಯ ಬಕೆಟ್ಟಿನ ನೀರನ್ನು ಹೊಟ್ಟೆಗೆ, ಕಾಲಿಗೆ, ಕುತ್ತಿಗೆಗೆ ಸುರಿದಳು. ಒದ್ದೆ ಮೈಯ ಮೇಲೆ ನಾನು ಬೀಸಿದೆ. ಅವಳು ಸುರಿದಳು, ನಾನು ಬೀಸಿದೆ. ಕಡೆಗೆ ಒಂದು ಕಿವಿ ಅಲುಗಿತು. ಬೈಯುತ್ತಲೇ ಅವನನ್ನು ಸೆರಗಿನಲ್ಲಿ ಎತ್ತಿಕೊಂಡು ಆಟೋ ಹತ್ತಿ ನಾಯಿ ಡಾಕ್ಟರ ಹತ್ತಿರ ಹೋದಳು.

ಪೇಡಾ ಬದುಕಿದ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರು ಹೇಳಿದರಂತೆ. ಊರಿಂದ ಮರಳಿದ ನೀಲಮ್ಮ ಮದುವೆ ಸೀರೆಯಲ್ಲೇ ನೆಲದ ಮೇಲೆ ಕೂತು ಅತ್ತಳು. ಗುರುಪಾದಪ್ಪನವರು ನನ್ನ ಪಕ್ಕೆಗೆ ಒದ್ದರು. "ಈ ಹಾಳ ಡಬ್ಬಾ ನನ್ನ ಕೂಸಿನ್ನ ಕೊಲ್ತಿತ್ತು."

"ಡಬ್ಬಾ ಏನ್ ಮಾಡೀತು ಅಣ್ಣಾ," ಎಂದಳು ಹುಲಿಗೆಮ್ಮ, ಬಾಗಿಲಲ್ಲಿ ನಿಂತು. "ಕಿಡಕಿ ಅದು ಹಾಕಿತ್ತೇನು?"

ಗುರುಪಾದಪ್ಪನವರು ಒದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ, ನಮ್ಮ ಸಲುವಾಗಿ ನೀವು ಬಂದಿರಲ್ಲ ತಾಯಿ ಎಂದು ಕೈಮುಗಿದರು.

"ನಿಮ್ಮ ಸಲುವಾಗಿ ಯಾರ ಬಂದಾರ? ನನ್ನ ನಿದ್ದಿ ಸಲುವಾಗಿ ಬಂದೀನಿ."

ಆ ದಿನದಿಂದ ಪೇಡಾ ನಾನಿದ್ದ ಕೋಣೆಗೆ ಕಾಲಿಡಲಿಲ್ಲ. ಕಿಟಕಿ, ಬಾಗಿಲು ಎರಡನ್ನೂ ತೆರೆದಿಟ್ಟು ಕರೆದರು, ಬಿಸ್ಕತ್ತು ತೋರಿಸಿದರು. ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡಿ ಹಿಂದಕ್ಕೆ ಸರಿಯುತ್ತಿದ್ದ. ಅವನನ್ನು ತಪ್ಪೆನ್ನುವುದು ಹೇಗೆ? ಎಲ್ಲರಿಗೂ ಹೇಳಲು ಒಂದು ಸಮಜಾಯಿಷಿ ಇರುತ್ತದೆ. ಅವನಿಗೆ ಗೊತ್ತಿರುವುದು ನಾನು ಬೀಸಿದ ಗಾಳಿ ಮಾತ್ರ.

ನನ್ನನ್ನು ಹೊರಗೆ ಹಾಕಿದರು. ಮೋಟಾರು ಯಾರಿಗೋ ಹೋಯಿತು, ಮೈಯ ತಗಡು ಗುಜರಿಗೆ ಹೋಯಿತು. ತಳದ ತೊಟ್ಟಿ ಮಾತ್ರ ಉಳಿಯಿತು. ಈಗ ನಾನೆಂದರೆ ಅದೇ, ಮೊಣಕಾಲೆತ್ತರವೂ ಇಲ್ಲದ ಒಂದು ತಗಡಿನ ಬಾನಿ. ಹುಲಿಗೆಮ್ಮನ ಬೇವಿನ ನೆರಳಿನಲ್ಲಿ ಇದ್ದೇನೆ. ದಿನಾ ಬೆಳಿಗ್ಗೆ ಗುರುಪಾದಪ್ಪನವರು ಬಂದು ನೀರು ತುಂಬಿಸಿ, ಅಂಗೈಯನ್ನು ನೆಲಕ್ಕೆ ಒತ್ತಿ ಕಾವು ನೋಡಿ, ಆಮೇಲೆ ಪೇಡಾನನ್ನು ಬಿಡುತ್ತಾರೆ. ಅಷ್ಟಾದರೂ ಕಲಿತರು.

ಪೇಡಾನಿಗೆ ನನ್ನ ಗುರುತು ಹತ್ತಿಲ್ಲ. ಬರುತ್ತಾನೆ, ಮುಂಗಾಲು ಇಡುತ್ತಾನೆ, ಆಮೇಲೆ ಹೊಟ್ಟೆಯನ್ನು ಪೂರ್ತಿ ನನ್ನೊಳಗೆ ಇಳಿಸಿ ಗೊರ್ ಎನ್ನುತ್ತಾನೆ. ಬೀಸಬೇಕಾಗಿಲ್ಲ, ಸದ್ದು ಮಾಡಬೇಕಾಗಿಲ್ಲ. ನೀರು ಹಿಡಿದುಕೊಂಡು ಸುಮ್ಮನಿದ್ದರೆ ಸಾಕು. ನನ್ನ ಸ್ವಭಾವಕ್ಕೆ ತಕ್ಕ ಕೆಲಸ ಮುಪ್ಪಿನಲ್ಲಿ ಸಿಕ್ಕಿದೆ.

ಇನ್ನು ದೂರಲು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಆದರೆ ಪಕ್ಕದಲ್ಲೇ ಬಟ್ಟಲು ತುಂಬ ಕುಡಿಯುವ ನೀರು ಇಟ್ಟಿರುತ್ತಾರೆ. ಇವನು ಅದನ್ನು ಮೂಸಿಯೂ ನೋಡದೆ, ತಾನು ಕೂತ ನೀರನ್ನೇ ನೆಕ್ಕಿ ನೆಕ್ಕಿ ಕುಡಿಯುತ್ತಾನೆ. ಇದನ್ನು ನಾನು ಯಾರಿಗೆ ಹೇಳಲಿ?