ಐದಡಿ ಹನ್ನೊಂದೂವರೆ ಇಂಚು

ಊರಿನ ಕ್ಲಬ್ಬೊಂದರ ಫುಟ್‌ಬಾಲ್ ಅಕಾಡೆಮಿಯ ಆಯ್ಕೆಗೆ ಬಂದ ಹುಡುಗರು ನಾನೂರು ಚಿಲ್ಲರೆ. ಬೇಕಾಗಿದ್ದವರು ಹನ್ನೊಂದು ಜನ, ಅದರಲ್ಲಿ ಗೋಲ್‌ಕೀಪರ್ ಒಬ್ಬನೇ. ಎಲ್ಲರಿಗೂ ಹನ್ನೆರಡರ ಆಸುಪಾಸು ವಯಸ್ಸು. ಮೊದಲ ದಿನ ಎದೆಗೊಂದು ನಂಬರು ಅಂಟಿಸಿ ಇಪ್ಪತ್ತು ನಿಮಿಷ ಆಡಿಸಿದರು. ಹೆಸರನ್ನು ಯಾರೂ ಕೇಳಲಿಲ್ಲ. ಸಂಜೆ ಗೇಟಿನ ಪಕ್ಕ ನಂಬರುಗಳ ಪಟ್ಟಿ ಬಿತ್ತು. ತಮ್ಮ ನಂಬರು ಕಾಣದ ಮಕ್ಕಳು ಅದನ್ನೇ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದುತ್ತ ನಿಂತರು. ಅಪ್ಪಂದಿರು ಗಾಡಿಯ ಕೀಲಿ ತಿರುವುತ್ತ ಬೇರೆಲ್ಲೋ ನೋಡುತ್ತಿದ್ದರು. ಮೂರನೆಯ ದಿನಕ್ಕೆ ಕೀಪರುಗಳಲ್ಲಿ ಉಳಿದವರು ಇಬ್ಬರು. ಒಬ್ಬ ಆ ವಯಸ್ಸಿಗೇ ಮೀಸೆ ಚಿಗುರಿದ್ದ ಕಂಬದಂಥ ಹುಡುಗ. ಇನ್ನೊಬ್ಬ ಗೋಲಿ.

ಗೋಲಿ ಅಂದರೆ ಏಣಿಯ ಮಗ. ಏಣಿ ಸಿಟಿ ಬಸ್ಸಿನ ಕಂಡಕ್ಟರು, ಆರಡಿ ಒಂದು ಇಂಚಿನ ಆಳು. ಇಪ್ಪತ್ತು ವರ್ಷ ಬಸ್ಸಿನ ಸೂರಿನ ಕೆಳಗೆ ಕತ್ತು ಬಗ್ಗಿಸಿ ಟಿಕೆಟ್ ಹರಿದವನು, ಬಯಲಲ್ಲಿ ನಿಂತಾಗಲೂ ತಪ್ಪೊಪ್ಪಿಕೊಳ್ಳುವವನ ಹಾಗೆ ಬಾಗಿಯೇ ಇರುತ್ತಿದ್ದ. ಎರಡು ಹೆಸರೂ ಡಿಪೋದವರು ಇಟ್ಟದ್ದು. "ಏಣಿ ಮೇಲಿಂದ ಉರುಳಿಬಿದ್ದ ಗೋಲಿ" ಎಂದು ಅವರು ನಗುತ್ತಿದ್ದರು. ಏಣಿಯೂ ನಗುತ್ತಿದ್ದ. ಒಂದು ಗಳಿಗೆ ತಡವಾಗಿ ನಗುತ್ತಿದ್ದ, ಅಷ್ಟೆ.

ಯಾಕೆಂದರೆ ಗೋಲಿ ಅವನಿಗೆ ಹುಟ್ಟಿದವನಲ್ಲ. ಹುಡುಗನ ಹೆತ್ತ ತಂದೆ ಏಣಿಯ ಬಸ್ಸಿನ ಡ್ರೈವರಾಗಿದ್ದ, ಒಂಬತ್ತು ವರ್ಷ ಒಂದೇ ಬಸ್ಸಿನ ಜೋಡಿ. ಐದಡಿ ಮೂರು ಇಂಚಿನ ಗಿಡ್ಡ. ಮದುವೆಯ ಫೋಟೋದಲ್ಲಿ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ತಾನು ಹಿಂದೆ ನಿಂತ ಜಾಣ. ಒಂದು ಮಧ್ಯಾಹ್ನ ಕೊನೆಯ ಸ್ಟಾಪಿನಲ್ಲಿ ಬಸ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟಿಯರಿಂಗಿಗೆ ತಲೆಯಾನಿಸಿದವನು ಮತ್ತೆ ಏಳಲಿಲ್ಲ. ಮಗುವಿಗೆ ಆಗ ಎಂಟು ತಿಂಗಳು. ಒಂದೂವರೆ ವರ್ಷದ ಮೇಲೆ ಏಣಿ ಮಗುವಿನ ತಾಯಿಯನ್ನು ಮದುವೆಯಾದ, ಊರಿನ ಇನ್ನೊಂದು ತುದಿಯ ಡಿಪೋಗೆ ವರ್ಗ ಮಾಡಿಸಿಕೊಂಡ, ಕಾಗದಪತ್ರದಲ್ಲೂ ಮಗುವಿನ ತಂದೆಯಾದ. ಹೊಸ ಡಿಪೋದಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಹುಡುಗನಿಗೂ.

"ಹೇಳಿಬಿಡೋಣ ರೀ" ಎಂದು ಹೆಂಡತಿ ವರ್ಷಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಅವಳು ಯೂನಿಫಾರಂ ಹೊಲಿಯುವ ಫ್ಯಾಕ್ಟರಿಯವಳು. ಎಳೆ ಬಿಟ್ಟ ಹೊಲಿಗೆಯನ್ನು ಕಂಡರೆ ಸುಮ್ಮನಿರಲಾರದವಳು. "ಇನ್ನೊಂದು ವರ್ಷ ಹೋಗ್ಲಿ" ಎನ್ನುತ್ತಿದ್ದ ಏಣಿ. ಒಂದು ವರ್ಷ ಹೋಗಿ ಹೋಗಿ ಹತ್ತಾಗಿತ್ತು.

ಮೂರನೆಯ ದಿನದ ಆಟ ಮುಗಿದಾಗ ಕೋಚ್ ಏಣಿಯನ್ನು ಪಕ್ಕಕ್ಕೆ ಕರೆದ. ಗಂಟಲು ಕಟ್ಟಿದ, ಮಾತಿಗೆ ಸಕ್ಕರೆ ಹಚ್ಚಲು ಬಾರದ ಮನುಷ್ಯ.

"ನಿಮ್ಮ ಹುಡುಗನ ಕೈ ಚೆನ್ನಾಗಿದೆ. ಆ ಉದ್ದದ ಹುಡುಗ ಮೂರು ದಿನದಲ್ಲಿ ಹಿಡಿದಷ್ಟನ್ನ ಇವನು ಒಂದು ಬೆಳಿಗ್ಗೆ ಹಿಡಿದ. ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಅಂತಾರಲ್ಲ, ಅದು ಗೋಲ್ ಮುಂದೆ ನಡೆಯಲ್ಲ. ಇವನು ಬೆಳೀತಾನಾ ಅನ್ನೋದೇ ಪ್ರಶ್ನೆ."

"ಬೆಳೀದಿದ್ರೆ?" ಎಂದ ಏಣಿ.

"ಬೆಳೆಯಲ್ಲ ಅಂತ ಈಗ್ಲೇ ಗೊತ್ತಾದ್ರೆ ನಡೀತದೆ. ಕಾಲೂ ಚೆನ್ನಾಗಿದೆ ಇವನದು. ಮಧ್ಯದಲ್ಲಿ ಆಡಿಸ್ತೀನಿ, ಗಿಡ್ಡ ಇದ್ರೆ ಅಲ್ಲಿ ಏನೂ ನಷ್ಟ ಇಲ್ಲ. ಹನ್ನೆರಡಕ್ಕೆ ಜಾಗ ಬದಲಾಯಿಸ್ಬಹುದು. ಹದಿನಾರಕ್ಕೆ ಆಗಲ್ಲ. ಡಾಕ್ಟರಮ್ಮನ ಹತ್ರ ಹೋಗಿ, ಅವರು ಲೆಕ್ಕ ಹಾಕ್ತಾರೆ."

ಈ ಮಾತನ್ನು ಏಣಿ ಎರಡು ಕಿವಿಯಿಂದಲೂ ಕೇಳಿದ. ಕೇಳಲಿಲ್ಲ ಎಂದು ಮುಂದೆ ಯಾವತ್ತೂ ಹೇಳಿಕೊಳ್ಳುವಂತಿರಲಿಲ್ಲ.

ಡಾಕ್ಟರಮ್ಮನ ಕೋಣೆಯಲ್ಲಿ ಒಂದು ಮೇಜು, ಒಂದು ತೂಕದ ಯಂತ್ರ, ಗೋಡೆಗೆ ಎತ್ತರ ಅಳೆಯುವ ಪಟ್ಟಿ. ಗೋಲಿ ಆಗಲೇ ಅಳೆಸಿಕೊಂಡು ಕಿಟಕಿಯ ಬಳಿ ನಿಂತಿದ್ದ. ಕೈಗವಸು ಇನ್ನೂ ಬಿಚ್ಚಿರಲಿಲ್ಲ. ತಾಯಿಯ ಎತ್ತರ ಫಾರಂನಲ್ಲಿ ಬರೆದಿತ್ತು, ಐದಡಿ ಐದು.

"ಅಪ್ಪನ ಎತ್ತರ, ಅಮ್ಮನ ಎತ್ತರ ಕೂಡಿಸೋದು, ಹುಡುಗ ಆಗಿದ್ರೆ ಐದು ಇಂಚು ಸೇರಿಸೋದು, ಅದರಲ್ಲಿ ಅರ್ಧ" ಎಂದಳು ಡಾಕ್ಟರಮ್ಮ. "ಒಂದೆರಡು ಇಂಚು ಆಚೀಚೆ ಆಗ್ಬಹುದು. ಹೆತ್ತ ತಂದೆತಾಯಿದೇ ಎತ್ತರ ಬೇಕು. ಇದನ್ನ ಎಲ್ಲರಿಗೂ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ."

ಏಣಿ ಹುಡುಗನ ಕಡೆ ನೋಡಿದ. "ಹೋಗಿ ನೀರು ಕುಡ್ಕೊಂಡು ಬಾ ಮಗಾ" ಎಂದರೆ ಸಾಕಿತ್ತು, ಹುಡುಗ ಹೋಗುತ್ತಿದ್ದ. ಉಳಿದದ್ದನ್ನು ಡಾಕ್ಟರಮ್ಮನಿಗೆ ಎರಡು ಮಾತಲ್ಲಿ ಹೇಳಿ, ಹುಡುಗನಿಗೆ ತಿಳಿಸಬೇಡಿ ಎಂದು ಬೇಡಿಕೊಳ್ಳಬಹುದಿತ್ತು. ಅಷ್ಟು ದಾರಿ ತೆರೆದೇ ಇತ್ತು. ಆದರೆ ಕಿಟಕಿಯ ಬಳಿಯಿಂದ ಗೋಲಿ ನಕ್ಕ.

"ನಮ್ಮಪ್ಪಾನೇ ಮೇಡಂ. ಎಷ್ಟು ಉದ್ದ ಅಂತ ಬೇಕಾದ್ರೆ ನೋಡಿ."

ಆ ದನಿಯಲ್ಲಿದ್ದ ಹೆಮ್ಮೆ ಏಣಿಯ ನಾಲಿಗೆಯನ್ನು ಕಟ್ಟಿಹಾಕಿತು. ಬೂಟು ಬಿಚ್ಚಿದ. ಪಟ್ಟಿಗೆ ಬೆನ್ನು ಆನಿಸಿ ನಿಂತ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕತ್ತು ನೆಟ್ಟಗೆ ಮಾಡಿದ.

"ಆರಡಿ ಒಂದು" ಎಂದು ಬರೆದುಕೊಂಡ ಡಾಕ್ಟರಮ್ಮ ಕೂಡಿಸಿ, ಅರ್ಧ ಮಾಡಿ, ಕೆಳಗೆ ಗೆರೆ ಎಳೆದಳು. "ಐದಡಿ ಹನ್ನೊಂದೂವರೆ ಇಂಚು."

ಗೋಲಿಯನ್ನು ತೆಗೆದುಕೊಂಡರು. ಕಂಬದ ಹುಡುಗ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿಕೊಂಡು ಗೇಟು ದಾಟಿದ.

ಮನೆಯಲ್ಲಿ ಹೆಂಡತಿ ಸುದ್ದಿ ಕೇಳಿ ಮಗನ ಕೆನ್ನೆ ಹಿಂಡಿದಳು, ಅವನನ್ನು ಸ್ನಾನಕ್ಕೆ ಅಟ್ಟಿದಳು, ನೀರಿನ ಸದ್ದು ಶುರುವಾದ ಮೇಲೆ ಗಂಡನ ಕಡೆ ತಿರುಗಿದಳು.

"ಯಾರ ಎತ್ತರ ಕೊಟ್ರಿ?"

ಏಣಿ ಬಗ್ಗಿ ಬೂಟು ಬಿಚ್ಚತೊಡಗಿದ.

"ನಾಳೆ ಹೋಗಿ ಹೇಳಿ ಬನ್ನಿ."

"ಹೇಳಿದ್ರೆ ತೆಗೆದುಹಾಕ್ತಾರೆ ಕಣೇ."

"ಮಧ್ಯದಲ್ಲಿ ಆಡಿಸ್ತೀನಿ ಅಂದ್ರು ಅಂತ ಫೋನಲ್ಲಿ ನೀವೇ ಹೇಳಿದ್ರಲ್ಲ."

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಹೇಳಿದ್ದು ಒಂದು."

"ಅದು ಮದುವೆಗೆ. ಇದು ಮೂಳೆ. ಮೂಳೆ ನಿಮ್ಮ ಮಾತು ಕೇಳುತ್ತಾ?"

ಅವಳೂ ಆಮೇಲೆ ಸುಮ್ಮನಾದಳು, ಅದು ಅವಳ ಪಾಲಿನ ತಪ್ಪು. ಮಗನಿಗಾಗಿ ಹೀಗೆ ಮಾಡಿದೆ ಎಂದು ಏಣಿ ತನಗೆ ತಾನೇ ಹೇಳಿಕೊಂಡ. ಸುಳ್ಳು. ತನಗಾಗಿ ಮಾಡಿದ್ದ. ಹುಡುಗ ತನ್ನನ್ನು ನೋಡಿ ಬೇರೆ ಯಾರನ್ನೋ ಹುಡುಕುವಂತಾದರೆ ಏನು ಗತಿ ಎನ್ನುವ ಭಯಕ್ಕೆ ಮಾಡಿದ್ದ. ಅಂಥ ಭಯ ನನಗೂ ಅರ್ಥವಾಗುತ್ತದೆ. ಆದರೆ ಅದಕ್ಕೆ ಹನ್ನೆರಡು ವರ್ಷದ ಮಗುವಿನ ಕಾಲನ್ನು ಒತ್ತೆಯಿಟ್ಟದ್ದು ಅರ್ಥವಾಗುವುದಿಲ್ಲ.

ಮೊದಲ ಎರಡು ವರ್ಷ ಲೆಕ್ಕ ಸರಿಯಾಗಿಯೇ ಇದ್ದಂತೆ ಕಂಡಿತು. ಗೋಲಿ ಬೆಳೆದ. ಆಮೇಲೆ ಉಳಿದ ಹುಡುಗರು ಬೇಲಿ ದಾಟುವ ಬಳ್ಳಿಯ ಹಾಗೆ ಎದ್ದರು, ಇವನು ನಿಧಾನವಾದ. ದಿನಾ ಶಾಲೆಗೆ ಹೋಗುವ ಮುಂಚೆ ಬಾಗಿಲ ಮೇಲಿನ ಕಂಬಿ ಹಿಡಿದು ನೇತಾಡಿದರೆ ಬೆನ್ನು ಉದ್ದವಾಗುತ್ತದೆ ಎಂದು ಯಾರೋ ಅಂದಿದ್ದರು. ಗೋಲಿ ನೇತಾಡುತ್ತಿದ್ದ. ಏಣಿ ಕೆಳಗೆ ನಿಂತು ಎಣಿಸುತ್ತಿದ್ದ. ನೂರು, ನೂರಹತ್ತು, ನೂರಿಪ್ಪತ್ತು. ಹುಡುಗನ ಬೆರಳು ಬೆಳ್ಳಗಾಗಿ ತೋಳು ನಡುಗಿದರೂ "ಇನ್ನೊಂದತ್ತು ಮಗಾ" ಎನ್ನುತ್ತಿದ್ದ. ನಿಜಕ್ಕೂ ಬೆಳೆದುಬಿಡಬಹುದು ಎಂದು ಅವನಿಗೆ ಆ ಹೊತ್ತಿಗೆ ಅನಿಸುತ್ತಿತ್ತು. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಹುಡುಗ ಡಾಕ್ಟರಮ್ಮನ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಟ್ಟಿದ್ದ. ಎಷ್ಟು ಸಲ ಮಾಡಿದರೂ ಅದೇ ಉತ್ತರ ಬರುತ್ತಿತ್ತು.

ನಡುವೆ ಒಂದು ದಿನ ಬಸ್ಸಿನಲ್ಲಿ ಏಣಿಗೆ ಕಂಬದ ಹುಡುಗ ಸಿಕ್ಕ. "ಆಡ್ತಿದ್ದೀಯೇನಪ್ಪಾ?" ಎಂದು ಕೇಳಿದ.

"ಬಿಟ್ಟೆ ಅಂಕಲ್. ಆವತ್ತೇ ಬಿಟ್ಟೆ."

ಏಣಿ ಅವನಿಗೆ ಚಿಲ್ಲರೆ ಕೊಡುವುದನ್ನು ಮರೆತು ಹಿಂದಿನ ಸೀಟಿನ ಕಡೆ ಹೋದ.

ಹದಿನಾರು ತುಂಬಿದವರಲ್ಲಿ ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಕಳಿಸುವುದು ಎಂದು ತೀರ್ಮಾನಿಸುವ ವಾರ ಬಂತು. ಹಳೆಯ ಕೋಣೆ, ಹಳೆಯ ಪಟ್ಟಿ. ಡಾಕ್ಟರಮ್ಮ ಗೋಲಿಯ ಮಣಿಕಟ್ಟಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು.

"ಇಲ್ಲಿ ಮೂಳೆ ಕೂಡ್ಕೊಂಡಿದೆ. ಇನ್ನು ಬೆಳೆಯಲ್ಲ. ಐದಡಿ ಆರು." ಎಕ್ಸ್‌ರೇ ಕೆಳಗಿಟ್ಟು ಸೇರಿಸಿದಳು, "ಕೋಚ್ ಜೊತೆ ಮಾತಾಡಿದ್ದೀನಿ. ಅವರೂ ಪಾಪ ಬೇಜಾರು ಮಾಡ್ಕೊಂಡ್ರು. ಮಧ್ಯದಲ್ಲಿ ಆಡಿಸೋಣ ಅಂದ್ರೆ ಅಲ್ಲಿರೋ ಹುಡುಗ್ರು ನಾಲ್ಕು ವರ್ಷ ಮುಂದೆ ಹೋಗ್ಬಿಟ್ಟಿದ್ದಾರೆ."

ಗೋಲಿ ತಲೆಯಾಡಿಸಿದ. ಅವನು ಅಳಲಿಲ್ಲ. ಅತ್ತಿದ್ದರೆ ಏಣಿಗೆ ಮಾಡಲು ಏನಾದರೂ ಕೆಲಸ ಸಿಗುತ್ತಿತ್ತು.

ಡಾಕ್ಟರಮ್ಮ ಹಳೆಯ ಫಾರಂ ತೆಗೆದು ಹುಬ್ಬು ಗಂಟಿಕ್ಕಿದಳು. "ನಂಗೆ ಇದೊಂದು ಅರ್ಥ ಆಗ್ತಿಲ್ಲ. ಒಂದೆರಡು ಇಂಚು ತಪ್ಪಿದ್ದಿದೆ. ಹೆಚ್ಚಂದ್ರೆ ಮೂರು. ಐದೂವರೆ ಇಂಚು ತಪ್ಪಿದ್ದು ನಾನು ನೋಡೇ ಇಲ್ಲ. ಆವತ್ತು ಅಳತೆಯಲ್ಲೇ ಎಡವಟ್ಟಾಯ್ತೇನೋ."

"ಇಲ್ಲ ಮೇಡಂ" ಎಂದ ಗೋಲಿ. "ನಾನು ಇಲ್ಲೇ ಇದ್ನಲ್ಲ. ನಮ್ಮಪ್ಪ ಬೂಟು ಬಿಚ್ಚೇ ನಿಂತಿದ್ರು."

ಅಪ್ಪನ ಮೇಲೆ ಮಾತು ಬರಬಾರದೆಂದು ಹೇಳಿದ ಆ ಮಾತು ಏಣಿಯ ಎದೆಗೆ ನಾಟಿತು. ಡಾಕ್ಟರಮ್ಮ ತಲೆಯೆತ್ತಿ ಅವನನ್ನು ನೋಡಿದಳು, ಫಾರಂ ನೋಡಿದಳು, ಹುಡುಗನನ್ನು ನೋಡಿದಳು. ಫೈಲನ್ನು ಮೆಲ್ಲಗೆ ಮಡಿಚಿಟ್ಟಳು. "ಇರ್ಲಿ ಬಿಡಿ, ಕೆಲವು ಸಲ ಹೀಗೂ ಆಗುತ್ತೆ" ಎಂದಳು, ತೀರಾ ಮೃದುವಾಗಿ. ಆ ಮೃದುತನವೇ ಎಲ್ಲವನ್ನೂ ಹೇಳಿಬಿಟ್ಟಿತು. ಗೋಲ್ ಮುಂದೆ ನಿಂತು ಎದುರಿನವನ ಕಣ್ಣು ನೋಡಿಯೇ ಚೆಂಡು ಎತ್ತ ಬರುತ್ತದೆಂದು ಹೇಳಬಲ್ಲ ಹುಡುಗ ಅವನು. ಡಾಕ್ಟರಮ್ಮನ ಕಣ್ಣು ಎಲ್ಲಿಂದ ಎಲ್ಲಿಗೆ ಹೋಯಿತೆಂದು ನೋಡಿದ್ದ.

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಬೆಂಚಿನ ಮೇಲೆ ಕೂತ ಮೇಲೆ ಗೋಲಿ ಕೇಳಿದ.

"ಎಷ್ಟು ಉದ್ದ ಇದ್ರು ಅವರು?"

ಯಾರು ಎಂದು ಕೇಳುವಷ್ಟು ನಾಚಿಕೆಗೇಡಿಯಾಗಿರಲಿಲ್ಲ ಏಣಿ. "ಐದಡಿ ಮೂರು. ನನ್ನ ಬಸ್ಸಿನ ಡ್ರೈವರು. ನೀನು ಎಂಟು ತಿಂಗಳು ಇದ್ದಾಗ ತೀರ್ಕೊಂಡ. ಒಳ್ಳೇ ಮನುಷ್ಯ."

ಗೋಲಿ ತೊಡೆಯ ಮೇಲೆ ಬೆರಳಿನಿಂದ ಏನೋ ಬರೆಯತೊಡಗಿದ. ಏನು ಎಂದು ತಿಳಿಯಲು ಏಣಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಂಚಿನಲ್ಲಿ ಅರವತ್ತಮೂರು, ಅರವತ್ತೈದು, ಮೇಲೆ ಐದು. ಅದರಲ್ಲಿ ಅರ್ಧ.

"ಐದಡಿ ಆರೂವರೆ" ಎಂದ ಗೋಲಿ. "ಲೆಕ್ಕ ಸರಿಯಾಗೇ ಬರ್ತಿತ್ತು. ಅರ್ಧ ಇಂಚು ಅಷ್ಟೇ ವ್ಯತ್ಯಾಸ."

"ನಿನ್ನ ತೆಗೆದುಹಾಕ್ತಾರೆ ಅಂತ ಹೆದರಿದೆ ಮಗಾ."

"ಮಧ್ಯದಲ್ಲಿ ಆಡಿಸ್ತಿದ್ರಂತೆ. ಕೋಚ್ ಇವತ್ತು ಬೆಳಿಗ್ಗೆ ಹೇಳಿದ್ರು. ಆವತ್ತೇ ನಿಂಗೆ ಹೇಳಿದ್ರಂತೆ." ದನಿ ಏರಲಿಲ್ಲ. "ನಾನು ಕಂಬಿಗೆ ನೇತಾಡ್ತಿದ್ದಾಗ ಎಣಿಸ್ತಾ ನಿಂತಿದ್ಯಲ್ಲ, ಆಗ ಏನು ಅನಿಸ್ತಿತ್ತು ನಿಂಗೆ?"

ಅಷ್ಟರಲ್ಲಿ ಬಸ್ಸು ಬಂತು.

ಅವನದೇ ಡಿಪೋದ ಬಸ್ಸು. ಗೋಲಿ ಮುಂದಿನ ಸಾಲಿನಲ್ಲಿ ಒಂಟಿ ಸೀಟು ನೋಡಿ ಕೂತ. ಏಣಿ ಎರಡು ಸಾಲು ಹಿಂದೆ, ಸರಳು ಹಿಡಿದು ಕತ್ತು ಬಗ್ಗಿಸಿ ನಿಂತ. ಕಂಡಕ್ಟರು ಬಂದಾಗ ಗೋಲಿ ಜೇಬಿನಿಂದ ನಾಣ್ಯ ತೆಗೆದು ಮುಂದೆ ಹಿಡಿದ.

"ಒಂದು ಕೊಡಿ."

"ನಿಂಗ್ಯಾಕೋ ಟಿಕೆಟ್ಟು?" ಎಂದು ಕಂಡಕ್ಟರು ನಕ್ಕ. ಸಿಬ್ಬಂದಿಯ ಮಕ್ಕಳಿಗೆ ಹದಿನೆಂಟು ತುಂಬುವವರೆಗೆ ಬಸ್ಸಿನಲ್ಲಿ ಪುಕ್ಕಟೆ. "ನೀನು ನಮ್ಮ ಏಣಿ ಮಗ ಅಲ್ವೇನೋ?"

ಗೋಲಿ ಕೈ ಹಿಂದೆ ತೆಗೆಯಲಿಲ್ಲ. ಕಂಡಕ್ಟರು ಏನಿದು ಎನ್ನುವಂತೆ ಹುಡುಗನ ತಲೆಯ ಮೇಲಿಂದ ಏಣಿಯನ್ನು ನೋಡಿದ. ಹುಡುಗ ಹಿಂದೆ ತಿರುಗಲಿಲ್ಲ, ಆದರೆ ಕಾಯುತ್ತಿದ್ದಾನೆ ಎಂದು ಅವನ ಕತ್ತು ನೋಡಿಯೇ ಏಣಿಗೆ ಗೊತ್ತಾಯಿತು.

"ಕೊಡಪ್ಪ ಅವನಿಗೆ" ಎಂದ ಏಣಿ. "ಒಂದು ಟಿಕೆಟ್ ಕೊಡು."