ಸರ್ವೆ ತೋಪಿಗೆ ಹೊಡೆದ ಔಷಧಿ

ಮಂಡಿಕಲ್ ಹೋಬಳಿಯ ಒಂದು ಊರಿನಲ್ಲಿ ನರಸಿಂಹಪ್ಪನವರ ಸರ್ವೆ ಮರದ ತೋಪು ಕೆರೆಯಾಚೆಯ ದಿಬ್ಬದ ಮೇಲಿದೆ. ಸಸಿ ಹಾಕಿಸಿದ್ದು ಸೊಸೆ ಭಾನುಪ್ರಿಯಾ. ಗಂಡ ಸುನೀಲ್‌ಕುಮಾರ್ ಗೌರಿಬಿದನೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದುದರಿಂದ ಹೊಲ, ತೋಪು, ಬೋರ್‌ವೆಲ್ ಎಲ್ಲವೂ ಅವಳ ಮೇಲೇ ಬಿದ್ದಿತ್ತು.

ಮೊದಲ ವರ್ಷ ಸರ್ವೆ ಚೆನ್ನಾಗಿ ಬಂತು. ಎರಡನೇ ಮಳೆಗಾಲದಲ್ಲಿ ಲಂಟಾನ ಕಳೆ ಎದ್ದಿತು. ಕಡಿಸಿದಳು. ಕಡಿದ ಬುಡದಿಂದಲೇ ಮತ್ತೆ ಚಿಗುರಿ, ಆಳೆತ್ತರ ಬೆಳೆದು, ಎಳೆ ಸರ್ವೆಗಳ ಮೇಲೆ ಒರಗಿಕೊಂಡಿತು. ಇನ್ನೊಮ್ಮೆ ಕಡಿಯಲು ಆಳುಗಳು ಒಪ್ಪಲಿಲ್ಲ. ಹಿಂದಿನ ಸಲ ಪೊದೆಯೊಳಗೆ ಕೊಳಕುಮಂಡಲ ಹಾವು ಕಾಣಿಸಿಕೊಂಡಿತ್ತು. ಕೊನೆಗೆ ಅವಳು ಕಳೆನಾಶಕ ಹೊಡೆಸಲು ತೀರ್ಮಾನಿಸಿ, ಚಿಂತಾಮಣಿ ಕಡೆಯಿಂದ ಮೋಹನ್‌ಬಾಬು ಎಂಬ ಔಷಧಿ ಹೊಡೆಯುವವನನ್ನು ಗೊತ್ತು ಮಾಡಿದಳು.

ದಿಬ್ಬದ ಕೆಳಗೆ ಮಂಗಮ್ಮನ ಹಿಪ್ಪುನೇರಳೆ ತೋಟ. ಅವಳು ವರ್ಷವಿಡೀ ರೇಷ್ಮೆ ಹುಳು ಸಾಕುವವಳು. ಎರಡು ಮನೆಯವರಿಗೂ ಜಗಳವಿರಲಿಲ್ಲ, ಬಳಕೆಯೂ ಇರಲಿಲ್ಲ. ನರಸಿಂಹಪ್ಪ ಮಂಗಮ್ಮನ ಕೇರಿಗೆ ಎಂದೂ ಕಾಲಿಟ್ಟವರಲ್ಲ. ಮಾತೇನಿದ್ದರೂ ಬದುವಿನ ಮೇಲೆಯೇ ಮುಗಿಯುತ್ತಿತ್ತು.

ಹಿಂದಿನ ದಿನವೇ ಭಾನುಪ್ರಿಯಾ ಬದುವಿಗೆ ಹೋಗಿ ವಿಷಯ ತಿಳಿಸಿದಳು.

"ಹುಳ ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದೈತೆ ಭಾನಮ್ಮ. ಈಗ್ಲೇ ಅದು ಸೊಪ್ಪು ಜಾಸ್ತಿ ತಿನ್ನೋದು. ಗೂಡು ಕಟ್ಟೋಗಂಟ, ಒಂದು ವಾರ ತಡ್ಕೋಬಾರ್ದಾ?" ಎಂದಳು ಮಂಗಮ್ಮ.

"ನಾಳೆ ಬಿಟ್ರೆ ಅವನಿಗೆ ಈ ತಿಂಗಳೆಲ್ಲ ಬಿಡುವಿಲ್ವಂತೆ ಅಕ್ಕ. ನಿಮ್ಮ ಬದು ಕಡೆ ಹೊಡೆಸಲ್ಲ. ಗಾಳಿ ಎದ್ರೆ ನಿಲ್ಲಿಸ್ತೀನಿ."

ಮಂಗಮ್ಮ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಸೊಪ್ಪಿನ ಮಂಕರಿ ಎತ್ತಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ಎಲೆ ಅಲುಗದಷ್ಟು ಗಾಳಿ ಸ್ತಬ್ಧವಾಗಿತ್ತು. ಮೋಹನ್‌ಬಾಬು ಮುಖಕ್ಕೆ ಮಾಸ್ಕ್ ಹಾಕಿ, ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ದಿಬ್ಬದ ನೆತ್ತಿಯಿಂದ ಶುರು ಮಾಡಿದ. ಸರ್ವೆಗೆ ತಾಗದಿರಲೆಂದು ಪೈಪಿನ ಮೂತಿಗೆ ಪ್ಲಾಸ್ಟಿಕ್ ಮರೆ ಇತ್ತು. ಭಾನುಪ್ರಿಯಾ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅಷ್ಟರಲ್ಲಿ ತ್ರೀಫೇಸ್ ಕರೆಂಟ್ ಬಂತೆಂದು ಮನೆಯಿಂದ ಫೋನ್ ಬಂತು. ಟೊಮೆಟೊಗೆ ನೀರು ಬಿಟ್ಟು ಬರಲು ಹೋದವಳಿಗೆ ಮೋಟರಿನ ಸ್ಟಾರ್ಟರ್ ಕೈಕೊಟ್ಟಿತು. ಅದನ್ನು ಸರಿಮಾಡಿಸಿ ತಿರುಗಿ ಬರುವ ಹೊತ್ತಿಗೆ ಗಾಳಿ ಎದ್ದಿತ್ತು.

ಮೋಹನ್‌ಬಾಬು ಇಳಿಜಾರಿನ ತುದಿಯಲ್ಲಿದ್ದ. ಪೊದೆಗಳು ತನಗಿಂತ ಎತ್ತರವೆಂದು ಮೂತಿಯ ಮರೆ ಬಿಚ್ಚಿ, ಮೇಲಕ್ಕೆ ಹೊಡೆಯುತ್ತಿದ್ದ. ಬಿಳಿ ತುಂತುರು ಬದು ದಾಟಿ ಮಂಗಮ್ಮನ ತೋಟದ ಕಡೆ ತೇಲುತ್ತಿತ್ತು.

"ನಿಲ್ಸೋ! ನಿಲ್ಸು!" ಎಂದು ಕೂಗುತ್ತಾ ಓಡಿದಳು.

"ಇದೊಂದೇ ಟ್ಯಾಂಕ್ ಉಳಿದಿತ್ತು ಮೇಡಂ, ಮುಗಿಸ್ಬಿಡಣ ಅಂತ..."

ಅವಳು ಬದು ದಾಟಿ ಹಿಪ್ಪುನೇರಳೆ ಸಾಲಿಗೆ ಇಳಿದಳು. ಎಲೆಗಳ ಮೇಲೆ ಸಣ್ಣ ಹನಿಗಳಿದ್ದವು. ಮುಂದಿನ ಸಾಲು, ಅದರ ಮುಂದಿನದು, ತೋಟದ ಅರ್ಧದವರೆಗೂ ಇದ್ದವು. ನೋಡುನೋಡುತ್ತಿದ್ದಂತೆ ಬಿಸಿಲಿಗೆ ಆರಿಹೋದವು. ಆಮೇಲೆ ಸೊಪ್ಪು ಎಂದಿನಂತೆ ಹಸಿರಾಗಿಯೇ ಕಾಣುತ್ತಿತ್ತು.

ಮನೆಗೆ ಬಂದು ಜಗಲಿಯಲ್ಲಿ ಕೂತಿದ್ದ ಮಾವನಿಗೆ ಹೇಳಿದಳು. ನರಸಿಂಹಪ್ಪ ಬೀದಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನೀನಾಗಿ ಹೋಗಿ ಹೇಳ್ಬೇಡಮ್ಮ. ಬಿದ್ದಿರೋದು ನಾಕು ಹನಿ. ಏನಾದ್ರೂ ಆದ್ರೆ ಆಗ ನೋಡ್ಕೊಳ್ಳಣ."

"ಆಗ ಅಂದ್ರೆ ಹುಳ ಸತ್ತ ಮೇಲಾ ಮಾವ?"

ಅವಳು ಚಪ್ಪಲಿ ಮೆಟ್ಟಿ ಹೊರಟಳು.

ಮಂಗಮ್ಮ ಸೊಪ್ಪಿನ ಹೊರೆ ಹೊತ್ತು ಹುಳು ಮನೆಯ ಬಾಗಿಲು ನೂಕುತ್ತಿದ್ದಳು. ಭಾನುಪ್ರಿಯಾ ಏದುಸಿರು ಬಿಡುತ್ತಾ ಅಡ್ಡ ನಿಂತಳು.

"ಹಾಕ್ಬೇಡಿ ಅಕ್ಕ. ಅದು ಮೇಲಿನ ಸಾಲಿಂದಾ?"

"ಹೂಂ, ಈಗ್ತಾನೇ ಕೊಯ್ಕೊಂಡ್ ಬಂದೆ. ಕೆಳಗಿಂದು ಮೊನ್ನೆಗೇ ಮುಗೀತಲ್ಲ. ಯಾಕೆ?"

ಭಾನುಪ್ರಿಯಾ ನಡೆದದ್ದೆಲ್ಲ ಹೇಳಿದಳು. ಮೋಟರು ಹಾಕಲು ತಾನು ಹೋಗಿದ್ದನ್ನೂ ಬಿಡಲಿಲ್ಲ. ಮಂಗಮ್ಮನ ತಲೆಯಿಂದ ಹೊರೆ ಜಾರಿ ಅಂಗಳಕ್ಕೆ ಬಿತ್ತು.

"ನಿನ್ನೆ ನಾನು ಬಡ್ಕೊಂಡೆ. ಒಂದು ವಾರ ಅಂದೆ. ಒಂದು ವಾರ!" ಅವಳು ಹುಳು ಮನೆಯ ಕಡೆ ಕೈ ತೋರಿಸಿದಳು. "ಒಳಗೆ ಹುಳ ಹಸ್ಕೊಂಡು ತಲೆ ಎತ್ಕೊಂಡವೆ. ಈಗೇನು ಹಾಕ್ಲಿ? ನಿನ್ನ ಲಂಟಾನ ಹಾಕ್ಲಾ?"

"ಸೊಪ್ಪು ತರಣ ಅಕ್ಕ. ಎಲ್ಲಿದ್ರೂ ತರಣ."

ಮಂಗಮ್ಮ ಬಯ್ಯುತ್ತಲೇ ಫೋನ್ ತೆಗೆದು ಪರಿಚಯದವರಿಗೆಲ್ಲ ಮಾಡಿದಳು. ಶಿಡ್ಲಘಟ್ಟದ ಕಡೆ ಓಬಳಮ್ಮ ಎಂಬವಳ ಹುಳು ಆಗಲೇ ಗೂಡಿಗೆ ಹತ್ತಿದ್ದರಿಂದ ತೋಟದಲ್ಲಿ ಸೊಪ್ಪು ಉಳಿದಿತ್ತು. ಹೋಗಲು ಗಾಡಿ ಬೇಕಿತ್ತು. ಭಾನುಪ್ರಿಯಾ ಮನೆಗೆ ಬಂದಾಗ ನರಸಿಂಹಪ್ಪ ಜಗಲಿಯಲ್ಲಿ ಕೂತಲ್ಲೇ ಕೂತಿದ್ದರು. ಅವಳು ಕೇಳುವ ಮೊದಲೇ ಗೂಡ್ಸ್ ಗಾಡಿಯ ಕೀ ತೆಗೆದುಕೊಂಡು ಎದ್ದರು.

"ದೂರ ಐತೆ. ನಾನೇ ಓಡಿಸ್ತೀನಿ," ಎಂದರು.

ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಹೋದರು. ಓಬಳಮ್ಮನ ತೋಟದಲ್ಲಿ ಕತ್ತಲಾಗುವವರೆಗೆ ಸೊಪ್ಪು ಕೊಯ್ದು, ಒದ್ದೆ ಗೋಣಿ ಹೊದಿಸಿ ತಂದರು.

ಗಾಡಿ ಮಂಗಮ್ಮನ ಅಂಗಳದಲ್ಲಿ ನಿಂತಿತು. ನರಸಿಂಹಪ್ಪ ಒಂದು ಹೊರೆ ಹೆಗಲಿಗೇರಿಸಿಕೊಂಡು ಹುಳು ಮನೆಯ ಬಾಗಿಲಿಗೆ ಬಂದರು. ಮಂಗಮ್ಮ ಕೈ ಅಡ್ಡ ಹಿಡಿದಳು.

"ಚಪ್ಪಲಿ ಬಿಡಿ ನರಸಿಂಹಪ್ಪೋರೆ. ಕೈಕಾಲು ತೊಳ್ಕೊಂಡು, ಬಾಗ್ಲಲ್ಲಿ ಹಾಕಿರೋ ಆ ಸುಣ್ಣ ತುಳಿದು ಬನ್ನಿ. ಯಾರೇ ಆದ್ರೂ ಹಂಗೇ ಬಿಡಲ್ಲ. ಹುಳಕ್ಕೆ ರೋಗ ಬರ್ತೈತೆ."

ಅವರು ಒಂದು ಗಳಿಗೆ ಅವಳ ಮುಖ ನೋಡಿದರು. ಹೊರೆ ಇಳಿಸಿದರು. ಮಂಗಮ್ಮನ ಬಕೆಟ್ಟಿನ ನೀರಲ್ಲಿ ಕೈಕಾಲು ತೊಳೆದು, ಸುಣ್ಣ ತುಳಿದು ಒಳಗೆ ಬಂದರು. ಆ ದಿನ ಅವರೇ ಮೂರು ತಟ್ಟೆಗೆ ಸೊಪ್ಪು ಹಾಕಿದರು. ದಪ್ಪಗೆ ಹಾಕಿದ್ದಕ್ಕೆ ಮಂಗಮ್ಮನಿಂದ ಬೈಸಿಕೊಂಡರು ಕೂಡ.

ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೂ ಗಾಡಿ ದಿನವೂ ಓಬಳಮ್ಮನ ತೋಟಕ್ಕೆ ಹೋಗಿ ಬಂತು. ಮೊದಲ ದಿನ ಹಸಿದಿದ್ದಕ್ಕೋ ಏನೋ, ಕೆಲವು ತಟ್ಟೆಯ ಹುಳು ಸೊರಗಿದವು. ಉಳಿದವು ಬಿದಿರಿನ ಚಂದ್ರಿಕೆಗೆ ಹತ್ತಿ ಗೂಡು ಕಟ್ಟಿದವು. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಹೋದ ದಿನವೇ ತೋಟದ ಮೇಲಿನ ಸಾಲುಗಳ ಚಿಗುರು ಹಳದಿಯಾಗಿ ಮುರುಟಿಕೊಂಡಿದ್ದು ಎದ್ದು ಕಾಣಿಸಿತು. ಬದುವಿನಂಚಿನ ಎಳೆ ಸರ್ವೆಗಳೂ ಕೆಂಪಗೆ ಒಣಗಿದ್ದವು.

ಮಂಗಮ್ಮ ಒಂದು ಮುರುಟಿದ ಕೊಂಬೆ ಮುರಿದು ಭಾನುಪ್ರಿಯಾಳ ಕೈಗಿಟ್ಟಳು.

"ಇದು ಮತ್ತೆ ಚಿಗುರೋಗಂಟ ನನಗೊಂದು ಬೆಳೆ ಹೋಯ್ತು. ಸಿಟ್ಟು ಇನ್ನೂ ಐತೆ ಕಣಮ್ಮ, ಸುಳ್ಳು ಹೇಳಲ್ಲ. ಆದ್ರೆ ಹೇಳ್ದೆ ಇದ್ದಿದ್ರೆ ಈ ಜನ್ಮದಲ್ಲಿ ನಿನ್ನ ಮುಖ ನೋಡ್ತಿರ್ಲಿಲ್ಲ."

"ಆ ಬೆಳೆ ನಷ್ಟ ನಮ್ಮ ಮೇಲಿರ್ಲಿ ಅಕ್ಕ," ಎಂದಳು ಭಾನುಪ್ರಿಯಾ.

ತೋಪಿನಲ್ಲಿ ಉಳಿದ ಲಂಟಾನಕ್ಕೆ ಅವಳು ಮತ್ತೆ ಸ್ಪ್ರೇ ಹೊಡೆಸಲಿಲ್ಲ. ಬೇಸಿಗೆಯಲ್ಲಿ ಪೊದೆಗಳನ್ನು ಬುಡಕ್ಕೆ ಕಡಿಸಿ, ಕಡಿದ ಕೂಡಲೇ ಬ್ರಷ್‌ನಿಂದ ಕೂಳೆಗಷ್ಟೇ ಔಷಧಿ ಬಳಿಸಿದಳು. ನಿಧಾನದ ಕೆಲಸ, ಬಳಿದವನು ಮೋಹನ್‌ಬಾಬುವೇ, ಈ ಸಲ ಅವಳು ಅಲ್ಲಿಂದ ಕದಲಲಿಲ್ಲ. ಬದುವಿನ ಪಕ್ಕದ ಪಟ್ಟಿಗೆ ಮಾತ್ರ ಔಷಧಿಯೇ ಬೇಡವೆಂದು ಮಂಗಮ್ಮ ಖಡಾಖಂಡಿತವಾಗಿ ಹೇಳಿದ್ದಳು. ಅಲ್ಲಿ ಬೇರುಸಹಿತ ಅಗೆಯಲು ನರಸಿಂಹಪ್ಪನವರೇ ಹಾರೆ ಹಿಡಿದು ಹೋದರು. ಮಧ್ಯಾಹ್ನ ಮಂಗಮ್ಮ ಚೊಂಬಿನಲ್ಲಿ ಮಜ್ಜಿಗೆ ತಂದು ಬದುವಿನ ಮೇಲಿಟ್ಟಳು. ಅವರು ಕೆಲಸ ನಿಲ್ಲಿಸಿ, ಬೆವರು ಒರೆಸಿಕೊಂಡು, ಅಲ್ಲೇ ಕೂತು ಕುಡಿದರು.