ಸ್ವಿಚ್ಚು ಕೊಲ್ಲುವ ಉರುಕುಂದಪ್ಪ

ಆಫ್ ಆಗಿರುವ ಸ್ವಿಚ್ಚು ಸುಡುತ್ತದೆಂದು ಯಾರಾದರೂ ಎಣಿಸುತ್ತಾರೆಯೆ? ನಾನಂತೂ ಎಣಿಸಲಿಲ್ಲ. ಬಾಗಿಲಲ್ಲಿ ನೆರೆದ ಹೆಣ್ಣಾಳುಗಳಿಗೂ ಕಾಣಲೆಂದು ಅತ್ತ ಮುಖಮಾಡಿ ನಿಂತು, “ನೋಡ್ರಿ, ಹ್ಯಾಂಗ ತಣ್ಣಗೈತಿ” ಎನ್ನುತ್ತ ಹೆಬ್ಬೆರಳನ್ನು ಅದರ ಮೇಲೆ ಒತ್ತಿದೆ. ಮರುಕ್ಷಣ ಹಿಂದಕ್ಕೆ ಹಾರಿ, ಬೆಂಕಿಯಾರಿಸಲು ಗೋಡೆಗಿಟ್ಟಿದ್ದ ಕೆಂಪು ಮರಳಿನ ಬಕೆಟ್ಟಿನಲ್ಲಿ ಪ್ರತಿಷ್ಠಾಪಿತನಾಗಿದ್ದೆ.

“ಅಯ್ಯಯ್ಯ, ಮ್ಯಾನೇಜರ್ರು ಸಿಕ್ಕೊಂಡಾರಬೇ! ಗುರುಶಾಂತಮ್ಮ, ಆ ಕಡಿ ಕೈ ಹಿಡಿ!” ಎಂದು ಅವರಲ್ಲೊಬ್ಬಳಾದ ಮಹೇಶ್ವರಿ ಕೂಗಿದಳು.

ಆದವಾನಿಯ ಹತ್ತಿ ಜಿನ್ನಿಂಗ್ ಮಿಲ್ಲೊಂದರ ಮ್ಯಾನೇಜರು ಹೀಗೆ ಮೂಲಂಗಿಯಂತೆ ಕೀಳಲ್ಪಟ್ಟಾಗ ನಗದೆ ಉಳಿದವನು ಎಲೆಕ್ಟ್ರಿಷಿಯನ್ ಉರುಕುಂದಪ್ಪನೊಬ್ಬನೇ. ಆತ ಬಕೆಟ್ಟಿನ ಮರಳನ್ನು ಸಮಮಾಡಿ ಮೊದಲಿನ ಜಾಗದಲ್ಲಿಟ್ಟ.

ಕೋಸಗಿಯಿಂದ ಬೆಳಗಿನ ರೈಲಿಗೆ ಬರುವ ಈ ಮನುಷ್ಯ ಮೇ ತಿಂಗಳ ಉರಿಯಲ್ಲೂ ಖಾಕಿ ಕೋಟು ಬಿಚ್ಚುವುದಿಲ್ಲ. ಅದರ ಎಡಗಿಸೆಯಲ್ಲಿ ಸತ್ತ ಸ್ವಿಚ್ಚುಗಳು, ಬಲಗಿಸೆಯಲ್ಲಿ ಇನ್ನೂ ವಿಚಾರಣೆಯಲ್ಲಿರುವವು. ನಡೆಯುವಾಗ ಗೋಡೆಯ ಮಗ್ಗುಲನ್ನೇ ಹಿಡಿದು, ಎದುರಾದ ಪ್ರತಿಯೊಂದು ಸ್ವಿಚ್ಚಿಗೂ ಹಿಂಗೈ ತಾಗಿಸುತ್ತ, ಮಗುವಿನ ಜ್ವರ ನೋಡುವ ತಾಯಿಯಂತೆ ಸಾಗುತ್ತಾನೆ. ಅಂಗೈಯಿಟ್ಟರೆ ಕರೆಂಟು ಬೆರಳುಗಳನ್ನು ಮಡಚಿಸಿ ಹಿಡಿದುಕೊಳ್ಳುತ್ತದೆಂದು ಹತ್ತು ವರ್ಷದಿಂದ ಹೇಳುತ್ತಿದ್ದಾನೆ. ನಾನು ಕಲಿತದ್ದು ಬಕೆಟ್ಟಿನಲ್ಲಿ. ಮಿಕ್ಕ ಎಲ್ಲದಕ್ಕೂ ಆತನದು ಒಂದೇ ಮಾತು: “ನೋಡೂಣ್ರಿ.” ಮಗಳು ಮೌನಿಕಾ ಡಿಗ್ರಿಯಲ್ಲಿ ಕಾಲೇಜಿಗೇ ಮೊದಲಿಗಳೆಂದು ಪೇಪರಿನಲ್ಲಿ ಬಂದಾಗಲೂ ಹಾಳೆಯ ಹಿಂಬದಿಯನ್ನೊಮ್ಮೆ ತಿರುಗಿಸಿ, “ನೋಡೂಣ್ರಿ” ಎಂದಿದ್ದ.

ಈ ಸಲ ಆತ ನೋಡಹೊರಟದ್ದು ನನ್ನ ಸ್ವಿಚ್ಚುಗಳನ್ನು. ಸೋಮವಾರ ಈ ಹಂಗಾಮಿನ ಮಿಲ್ಲು ಶುರು. ನಲವತ್ತು ಹೆಣ್ಣಾಳುಗಳು ಎದೆಮಟ್ಟ ಹತ್ತಿಯ ನಡುವೆ ದುಡಿಯುವ ಶೆಡ್ಡಿಗೆಂದು ನಾನೇ ಮೆಚ್ಚಿ ತರಿಸಿದ ಅರವತ್ತು ಬೆಳ್ಳನೆಯ ಸ್ವಿಚ್ಚುಗಳನ್ನು ಆತ ಕೂಡಿಸಲೊಲ್ಲ.

“ನಲವತ್ತು ಸಾವಿರ ಸಲ ಒತ್ತಿದ್ರೂ ಏನೂ ಆಗಂಗಿಲ್ಲಂತ ಡಬ್ಬಿ ಮ್ಯಾಲೆ ಬರದಾರಪ್ಪ,” ಎಂದೆ.

“ಬರದಾರ್ರಿ. ಒತ್ತಿದೋರು ಯಾರ್ರಿ?”

“ಮಷಿನ್ನು ಒತ್ತಿರತೈತಿ.”

“ಮಷಿನ್ನಿಗೆ ನಮ್ಮ ಗುರುಶಾಂತಮ್ಮನ ಮೊಣಕೈ ಐತೇನ್ರಿ?”

ತೋಳ್ತುಂಬ ಹತ್ತಿ ಹೊತ್ತವರಿಗೆ ಕೈ ಎಲ್ಲಿಂದ ಬರಬೇಕು? ನಮ್ಮ ಹೆಣ್ಣಾಳುಗಳು ಫ್ಯಾನನ್ನು ಮೊಣಕೈಯಿಂದ, ಮೆಲ್ಲಗೆ ಒರಗಿಯೇ ಆರಿಸುತ್ತಾರೆ. ಹತ್ತು ವರ್ಷ ಅದೇ ಶೆಡ್ಡಿನಲ್ಲಿ ಓಡಾಡಿದ ನನ್ನ ಕಣ್ಣಿಗೆ ಬೀಳದ ಸಂಗತಿಯಿದು. ಗೊತ್ತಿದ್ದವನಂತೆ ಕೆಮ್ಮಿ, “ನಮ್ಮ ಮನ್ಯಾಗೂ ಇವೇ ಅದಾವ. ಎರಡು ವರ್ಷಾತು, ಒಂದೂ ಕೆಟ್ಟಿಲ್ಲ,” ಎಂದು ಕೊನೆಯ ಬಾಣ ಬಿಟ್ಟೆ. ಸೋಮವಾರದೊಳಗೆ ಕೂಡಿಸದಿದ್ದರೆ ಬೇರೊಬ್ಬನನ್ನು ಇಟ್ಟುಕೊಳ್ಳುವೆನೆಂದೂ ಗದರಿಸಿದೆ.

“ನೋಡೂಣ್ರಿ.”

ಹತ್ತಿಯಿಂದ ದೂರ, ಗೇಟಿನ ಬಳಿಯ ತಗಡಿನ ಕೋಣೆಯಲ್ಲಿ ಆತ ಹಳೆಯ ಗ್ರೈಂಡರಿನ ಮೋಟರಿಗೆ ಬಟ್ಟೆ ಸುತ್ತಿದ ಕಟ್ಟಿಗೆಯ ಮೊಣಕೈಯೊಂದನ್ನು ಕಟ್ಟಿದ. ಅದು ನಿಮಿಷಕ್ಕೆ ಹತ್ತು ಸಲ, ಗುರುಶಾಂತಮ್ಮನಷ್ಟೇ ನಿಧಾನವಾಗಿ, ನನ್ನ ಸ್ವಿಚ್ಚಿನ ಮೇಲೆ ಒರಗಿ ಹೀಟರೊಂದನ್ನು ಹೊತ್ತಿಸುತ್ತ ಆರಿಸುತ್ತ ಹೋಯಿತು. ಮರುದಿನ ನಾನು ಹೋದಾಗ ಎಣಿಕೆ ಏಳು ಸಾವಿರ ದಾಟಿತ್ತು, ಮೊಣಕೈ ನಿಂತಿತ್ತು, ಸ್ವಿಚ್ಚು ಆಫ್ ತೋರಿಸುತ್ತಿತ್ತು. ಆತ ಬಾಯಿ ತೆರೆಯುವ ಮೊದಲೇ ನಾನು ಹೆಬ್ಬೆರಳು ಒತ್ತಿಯಾಗಿತ್ತು.

ಮರಳು ಕೊಡವಿಕೊಳ್ಳುತ್ತಿದ್ದ ನನಗೆ ಆತ ಗದ್ದ ಎತ್ತಿ ಬಾಗಿಲ ಮರೆಯನ್ನು ತೋರಿಸಿದ. ಸ್ವಿಚ್ಚು ಆಫ್, ಹೀಟರಿನ ಸುರುಳಿ ಮಾತ್ರ ಕೆಂಡಗೆಂಪಾಗಿ ಉರಿಯುತ್ತಲೇ ಇತ್ತು.

ಮೇನ್ ಫ್ಯೂಸು ಕಿತ್ತು, ಸ್ವಿಚ್ಚನ್ನು ಬಿಚ್ಚಿ ಮುಂದೆ ಹಿಡಿದ. ಒಳಗಿನ ಲೋಹದ ತುದಿಗಳೆರಡೂ ಸಿಡುಬಿನ ಮುಖದಂತೆ ಗುಳಿಬಿದ್ದು, ಕರಗಿ, ಒಂದಕ್ಕೊಂದು ಅಂಟಿಕೊಂಡಿದ್ದವು.

“ಆರಿಸಿದಾಗೊಮ್ಮಿ ಒಳಗ ಕಿಡಿ ಹಾರತೈತ್ರಿ. ಮೆಲ್ಲಕ ಆರಿಸಿದ್ರ ಕಿಡಿ ನಿಂತು ಸುಡತೈತಿ, ಗುಳಿ ಬೀಳತೈತಿ. ಗುಳಿ ಬಿದ್ದ ಮ್ಯಾಲೆ ತುದಿ ಪೂರಾ ಕೂಡಂಗಿಲ್ಲ, ಕರೆಂಟಿಗೆ ದಾರಿ ಇಕ್ಕಟ್ಟು. ಇಕ್ಕಟ್ಟಾದ್ರ ಕಾವು. ಕಾವಿಗೆ ಸ್ಪ್ರಿಂಗು ಮೆತ್ತಗ. ಅದು ಮೆತ್ತಗಾದ್ರ ಇನ್ನಾ ಕಾವು. ಕಡೀಕ ಹಿಂಗ.”

ಬಾಗಿಲಲ್ಲಿ ಗುರುಶಾಂತಮ್ಮ ಇನ್ನೂ ಸೆರಗಿನಲ್ಲಿ ನಗು ಮುಚ್ಚಿಕೊಂಡು ನಿಂತಿದ್ದಳು. ಆರಿಸಿದೆನೆಂದು ನಂಬಿ ಆಕೆ ಬೆನ್ನು ತಿರುಗಿಸುತ್ತಾಳೆ. ಬೆನ್ನ ಹಿಂದೆ, ಹತ್ತಿಯ ಗುಡ್ಡೆಯ ಮಗ್ಗುಲಲ್ಲಿ, ನಾನು ಮೆಚ್ಚಿ ತರಿಸಿದ ಬಿಳಿಯ ಸ್ವಿಚ್ಚು ಒಳಗೊಳಗೇ ಕಾಯುತ್ತಿರುತ್ತದೆ. ಈ ಸಲ ನಾನಾಗಿಯೇ ಬಕೆಟ್ಟಿನ ಅಂಚಿನಲ್ಲಿ ಕುಳಿತೆ.

ಅರವತ್ತೂ ವಾಪಸ್ಸು ಹೋದವು. ಮಿಲ್ಲು ಗುರುವಾರ ಶುರುವಾಯಿತು. ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಅನಾಹುತ ನಡೆದಿದ್ದರೆ ಇವರ ಮಾತನ್ನು ಊರೇ ನೆನೆದು ಲೊಚಗುಟ್ಟುತ್ತಿತ್ತು. ನಡೆಯಗೊಡದ ತಪ್ಪಿಗೆ ಸಂಶಯಪಿಶಾಚಿಗಳೆಂಬ ಬಿರುದು ಹೊತ್ತು ಗೋಡೆಯ ಮಗ್ಗುಲಲ್ಲಿ ನಡೆದುಹೋಗುತ್ತಾರೆ.

ಆದರೂ ನನ್ನೊಳಗೊಂದು ಬಾಣ ಉಳಿದಿತ್ತು. ಹೆಬ್ಬೆರಳಿನ ಪಟ್ಟಿಯನ್ನು ಸವರುತ್ತ ಕೇಳಿದೆ: “ಎಲ್ಲಾ ಖರೆ ಉರುಕುಂದಪ್ಪ, ನಮ್ಮ ಮನ್ಯಾಗಿನ ಸ್ವಿಚ್ಚು ಎರಡು ವರ್ಷ ಹ್ಯಾಂಗ ಬದುಕ್ಯಾವು?”

ಸತ್ತ ಸ್ವಿಚ್ಚನ್ನು ಎಡಗಿಸೆಗೆ ಇಳಿಸುತ್ತ ಆತ ಹೇಳಿದ:

“ಸ್ಟೇಷನ್ನಿಂದ ದಿನಾ ನಿಮ್ಮ ಮನಿ ಮುಂದನ ಬರ್ತೀನ್ರಿ ಸಾರ್, ಹಗಲಾಗಿದ್ರೂ ಲೈಟು ಉರೀತಿರತಾವ. ಆರಿಸಿದ್ರಲ್ಲೇನ್ರಿ ಅದು ಸುಡೋದು? ನಿಮ್ಮ ಮನ್ಯಾಗ ಆರಿಸೋರು ಯಾರದಾರ್ರಿ?”